ಕಿಟ್ ಕೊಟ್ಟ ಮನೆಯ ಬಾಗಿಲು

ರಂಝಾನ್ ರಜೆ ಮುಗಿದು ಶವ್ವಾಲಿನಲ್ಲಿ ಮದ್ರಸ ತೆರೆದಾಗ ಐದನೇ ತರಗತಿಯ ಒಬ್ಬ ಹುಡುಗ ಬರಲಿಲ್ಲ. ಜ್ವರ ಇರಬೇಕು ಅಂತ ಒಂದು ವಾರ ಸುಮ್ಮನಿದ್ದೆವು. ಆಮೇಲೆ ಮನೆಗೆ ಹೋಗಿ ವಿಚಾರಿಸಿದಾಗ ವಿಷಯ ಗೊತ್ತಾಯ್ತು. ರಂಝಾನಿನಲ್ಲಿ ಅವರ ಮನೆಗೆ ಕಿಟ್ ಬಂದಿತ್ತು. ಬಾಗಿಲಲ್ಲಿ ಹುಡುಗನ ಕೈಗೆ ಅಕ್ಕಿಯ ಚೀಲ ಕೊಟ್ಟು, ಅತ್ತಿತ್ತ ನಾಲ್ಕು ಜನ ನಿಂತು ಫೋಟೊ ತೆಗೆದಿದ್ದರು. ಅದು ಗ್ರೂಪಿಗೆ ಬಿತ್ತು. ಜೊತೆಯ ಮಕ್ಕಳು ಅವನನ್ನು 'ಕಿಟ್' ಅಂತಲೇ ಕರೆಯತೊಡಗಿದರು. 'ಉಸ್ತಾದರೆ, ಅಕ್ಕಿ ಮುಗಿದು ಎಷ್ಟೋ ದಿನ ಆಯ್ತು. ಫೋಟೊ ಮಾತ್ರ ಇನ್ನೂ ಗ್ರೂಪಲ್ಲಿ ಉಂಟು' ಎಂದರು ಅವನ ಉಮ್ಮ.

ಆ ಫೋಟೊದ ಕೆಳಗೆ 'ಮಾಶಾ ಅಲ್ಲಾಹ್' ಎಂದು ಬರೆದವರಲ್ಲಿ ನಾವೂ ಇದ್ದೆವು. ಹುಡುಗ ನಮ್ಮ ತರಗತಿಯವನೆಂದು ಗೊತ್ತಿದ್ದೂ ಬರೆದಿದ್ದೆವು.

ನಮ್ಮ ಕರಾವಳಿಯಲ್ಲಿ ಈಗ ಸೇವೆಗೆ ಬರ ಇಲ್ಲ. ರಕ್ತ ಬೇಕೆಂದು ಗ್ರೂಪಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ದೇರಳಕಟ್ಟೆಯ ಆಸ್ಪತ್ರೆ ಬಾಗಿಲಲ್ಲಿ ಹುಡುಗರು ನಿಂತಿರುತ್ತಾರೆ. ಬಡ ಹೆಣ್ಣುಮಕ್ಕಳ ಮದುವೆ, ಡಯಾಲಿಸಿಸ್ ಖರ್ಚು, ಮನೆ ರಿಪೇರಿ ಎಲ್ಲಕ್ಕೂ ಜನ ಇದ್ದಾರೆ. ಈ ಹುಡುಗರ ಶ್ರಮವನ್ನು ಸಣ್ಣದು ಮಾಡುವ ಉದ್ದೇಶ ನಮಗಿಲ್ಲ. ಆದರೆ ಸಹಾಯ ಪಡೆದವನ ಮನೆಯೊಳಗೆ ನಾವು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬ ಮಾತು ನಮ್ಮ ಕಮಿಟಿ ಮೀಟಿಂಗುಗಳಲ್ಲಿ ಬರುವುದೇ ಇಲ್ಲ.

ನಮ್ಮ ಹಳೆಯ ಶಿಷ್ಯೆಯೊಬ್ಬಳು ಎಂಎಸ್‌ಡಬ್ಲ್ಯು ಓದಿದ್ದಾಳೆ. ಫೀಲ್ಡ್‌ವರ್ಕಿನ ಮೊದಲ ವರದಿಯಲ್ಲಿ ತಾನು ಭೇಟಿಯಾದ ಹೆಂಗಸಿನ ಹೆಸರು, ಓಣಿ, ಗಂಡನ ಕೆಲಸ ಎಲ್ಲ ಬರೆದು ಕೊಟ್ಟಳಂತೆ. ಮೇಡಂ ಅಷ್ಟನ್ನೂ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ವಾಪಸ್ ಕೊಟ್ಟರು. ಹೆಸರು ಬದಲಿಸು, ಗುರುತು ಸಿಗುವುದನ್ನು ತೆಗೆ, ಪುಸ್ತಕ ಬಸ್ಸಿನಲ್ಲಿ ಬಿಟ್ಟು ಬಂದರೂ ಆ ಹೆಂಗಸಿಗೆ ತೊಂದರೆ ಆಗಬಾರದು ಎಂದರಂತೆ. ನಂತರ ಅವಳು ಕಲಿತ ಉಳಿದ ನಿಯಮಗಳೂ ಅಂಥವೇ: ಅವರಿಂದ ಉಡುಗೊರೆ ತೆಗೆದುಕೊಳ್ಳಬೇಡ, ಅವರಿಗೆ ಕೈಸಾಲ ಕೊಡಬೇಡ, ಅವರಲ್ಲಿ ಸಾಲ ಕೇಳಲೂಬೇಡ, ಅವರ ಪರವಾಗಿ ನೀನೇ ತೀರ್ಮಾನ ಮಾಡಬೇಡ.

ಮಂಗಳೂರಿನ ರೋಶನಿ ನಿಲಯದಲ್ಲಿ 1960ರಿಂದಲೇ ಸಮಾಜಕಾರ್ಯ ಕಲಿಸುತ್ತಿದ್ದಾರೆ. 1997ರಲ್ಲಿ ನಮ್ಮ ದೇಶದ ಸಮಾಜಕಾರ್ಯ ಶಿಕ್ಷಕರು ಸೇರಿ ಒಂದು ನೀತಿ ಘೋಷಣೆಯನ್ನೂ ಮಾಡಿದ್ದಾರೆ. ಆದರೆ ವಕೀಲರಿಗೆ ಬಾರ್ ಕೌನ್ಸಿಲ್ ಇದ್ದ ಹಾಗೆ, ಈ ಕೆಲಸದಲ್ಲಿರುವ ಎಲ್ಲರಿಗೂ ಲೈಸೆನ್ಸ್ ಕೊಟ್ಟು, ತಪ್ಪಿದರೆ ಕಿತ್ತುಕೊಳ್ಳುವ ಒಂದು ಮಂಡಳಿ ಇಲ್ಲ. ಓದಿ ಬಂದವರ ಸ್ಥಿತಿಯೇ ಹೀಗಿರುವಾಗ ನಮ್ಮ ಸ್ವಯಂಸೇವಕರನ್ನು ಕೇಳುವವರು ಯಾರು?

ಓದದೆ ಇದ್ದವರಿಗೆ ಈ ನಿಯಮ ಹೊಸದು ಅಂತ ಹೇಳಲಿಕ್ಕೂ ಆಗುವುದಿಲ್ಲ. ಕೊಟ್ಟದ್ದನ್ನು ಹೇಳಿ ತೋರಿಸಿ, ನೋಯಿಸಿ ದಾನವನ್ನು ವ್ಯರ್ಥ ಮಾಡಬೇಡಿ ಎಂಬ ಸೂರತುಲ್ ಬಕರದ ಎಚ್ಚರಿಕೆಯನ್ನು ನಾವೇ ಮಕ್ಕಳಿಗೆ ಅರ್ಥ ಸಹಿತ ಕಲಿಸುತ್ತೇವೆ. ಅನುಮತಿ ಕೇಳದೆ, ಸಲಾಂ ಹೇಳದೆ ಬೇರೆಯವರ ಮನೆಗೆ ಹೋಗಬಾರದು, ವಾಪಸ್ ಹೋಗಿ ಎಂದರೆ ವಾಪಸ್ ಹೋಗಬೇಕು ಎಂದು ಸೂರತುನ್ನೂರಿನಲ್ಲಿ ಉಂಟು. ಆ ಆಯತ್ತಿನಲ್ಲಿ ಬಡವರ ಮನೆಗೆ ವಿನಾಯಿತಿ ಕೊಟ್ಟಿಲ್ಲ. ಆದರೆ ಸರ್ವೆ ಎಂದು ಹೋಗುವ ನಮ್ಮವರು ಅಡುಗೆ ಮನೆಯ ಡಬ್ಬ ತೆಗೆದು ನೋಡಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಫ್ರಿಜ್ ಇದ್ದ ಕಾರಣಕ್ಕೆ ಒಂದು ಮನೆಯ ಹೆಸರು ಪಟ್ಟಿಯಿಂದ ಹೋಯ್ತು. ಒಳಗೆ ಇನ್ಸುಲಿನ್ ಇತ್ತು, ಕೇಳಿದವರಿಲ್ಲ.

ವಿಧವೆಯರ, ತಲಾಖ್ ಆದವರ ಮನೆಯ ವಿಷಯ ಇನ್ನೂ ಸೂಕ್ಷ್ಮ. ಸಹಾಯ ಮಾಡಿದ ಹುಡುಗ ಒಳ್ಳೆಯವನೇ ಇರಬಹುದು. ಔಷಧಿ ತಂದುಕೊಟ್ಟ, ಪೆನ್ಷನ್ ಅರ್ಜಿ ಹಾಕಿಸಿದ. ಆಮೇಲೆ ರಾತ್ರಿ ಹನ್ನೊಂದಕ್ಕೆ 'ಊಟ ಆಯ್ತಾ' ಅಂತ ಮೆಸೇಜ್ ಶುರು ಆಗುತ್ತದೆ. ಆಕೆಗೆ ಉತ್ತರ ಕೊಡದೆ ಇರಲಿಕ್ಕೆ ಆಗುವುದಿಲ್ಲ, ಮುಂದಿನ ತಿಂಗಳ ಔಷಧಿ ಅವನ ಕೈಯಲ್ಲಿ ಉಂಟಲ್ಲ! ಆಕೆಯೂ ಒಪ್ಪಿದ್ದಳು ಎಂದು ನಂತರ ಹೇಳುವವರು ಇದನ್ನು ಮರೆಯುತ್ತಾರೆ. ಅನ್ನ, ಔಷಧಿ ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರ 'ಹೂಂ'ಗೆ ಸ್ವಾತಂತ್ರ್ಯದ ಬೆಲೆ ಇಲ್ಲ. ಆದ್ದರಿಂದ ಇಂಥ ಮನೆಗಳಿಗೆ ಇಬ್ಬರು ಹೋಗಬೇಕು, ಅವರಲ್ಲಿ ಒಬ್ಬರು ಹೆಂಗಸು ಇರಬೇಕು, ಫೋನು ಸಂಘದ್ದಾಗಿರಬೇಕು. ನಮ್ಮ ಕಮಿಟಿಗಳಲ್ಲಿ ಹೆಂಗಸರೇ ಇಲ್ಲವಲ್ಲ ಎಂದರೆ, ಆ ಕೊರತೆಯ ಬಗ್ಗೆಯೂ ಮಾತಾಡೋಣ.

ಗಂಡ ಹೆಂಡಿರ ಜಗಳ ಜಮಾಅತಿಗೆ ಬಂದಾಗ ಆಗುವುದನ್ನೂ ನೋಡಿದ್ದೇವೆ. ಆಫೀಸು ಕೋಣೆಯಲ್ಲಿ ಆಕೆ ಅತ್ತು ಹೇಳಿದ ಮಾತು ಮಗ್ರಿಬಿನ ಹೊತ್ತಿಗೆ ಹೋಟೆಲಿಗೆ ಮುಟ್ಟಿರುತ್ತದೆ. ವಾಯ್ಸ್ ಮೆಸೇಜ್ ಇದ್ದರಂತೂ ದಮಾಮಿಗೂ ಮುಟ್ಟುತ್ತದೆ. ಗುಟ್ಟು ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ ಇನ್ನೊಬ್ಬ ಹೆಣ್ಣುಮಗಳು ಅಲ್ಲಿಗೆ ಬರುತ್ತಾಳಾ? ಆದರೆ ಗುಟ್ಟು ಕಾಯುವುದಕ್ಕೂ ಒಂದು ಮಿತಿ ಉಂಟು. ಹೊಡೆತದಿಂದ ಜೀವಕ್ಕೇ ಅಪಾಯ ಇದ್ದರೆ, ಮಗುವಿನ ಮೇಲೆ ದೌರ್ಜನ್ಯ ಆಗಿದ್ದರೆ ಮುಚ್ಚಿಡುವುದು ಅಮಾನತ್ ಅಲ್ಲ. ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. 'ಊರ ಮರ್ಯಾದೆ' ಎಂದು ಒಳಗೊಳಗೇ ಮುಗಿಸುವ ಹಕ್ಕು ಉಸ್ತಾದರಿಗೂ ಇಲ್ಲ, ಅಧ್ಯಕ್ಷರಿಗೂ ಇಲ್ಲ. ಮಕ್ಕಳಿಗೆ 1098, ಹೆಂಗಸರಿಗೆ 181 ಎಂಬ ಸಹಾಯವಾಣಿ ಇದೆ.

ಮಕ್ಕಳ ಫೋಟೊ ಹಾಕುವವರು ಇನ್ನೊಂದು ಕಾನೂನನ್ನೂ ತಿಳಿದಿರಬೇಕು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಪೋಷಣೆ ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಬಹಿರಂಗ ಮಾಡುವಂತಿಲ್ಲ. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಯತೀಂ ಮಕ್ಕಳನ್ನು ವೇದಿಕೆಗೆ ಕರೆದು ಸಾಲಾಗಿ ನಿಲ್ಲಿಸುವ ಮೊದಲು ಸಂಘಟಕರು ಒಬ್ಬ ವಕೀಲರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

'ಫೋಟೊ ಇಲ್ಲದಿದ್ದರೆ ಗಲ್ಫಿನವರು ನಂಬುವುದಿಲ್ಲ ಮಾರಾಯ್ರೆ' ಎನ್ನುತ್ತಾರೆ ಕಿಟ್ ಹಂಚುವವರು. ಈ ಮಾತನ್ನು ತಳ್ಳಿಹಾಕಲು ಆಗದು. ಸುಳ್ಳು ರೋಗಿಯ ವಿಡಿಯೊ ಮಾಡಿ ಹಣ ಎತ್ತಿದವರು ಇದ್ದಾರೆ, ದುಡಿದು ಕಳಿಸುವವನು ಲೆಕ್ಕ ಕೇಳಿದರೆ ತಪ್ಪಿಲ್ಲ. ಆದರೆ ಅವನಿಗೆ ಬೇಕಾದದ್ದು ಲೆಕ್ಕ. ಬಡವನ ಮುಖ ಲೆಕ್ಕ ಹೇಗಾದೀತು? ಹಣ ನೇರ ಆಸ್ಪತ್ರೆಯ ಖಾತೆಗೆ ಹೋಗಲಿ, ಬಿಲ್ಲಿನಲ್ಲಿ ಹೆಸರು ಮುಚ್ಚಿ ತೋರಿಸಿ, ರಿಜಿಸ್ಟರಿಗೆ ಇಬ್ಬರು ಸಹಿ ಹಾಕಲಿ, ಹೆಚ್ಚಾದ ಹಣ ಎಲ್ಲಿಗೆ ಹೋಯ್ತೆಂದು ಬರೆಯಿರಿ. ಇನ್ನೊಂದು ಮಾತು, ಯುಎಇಯಲ್ಲಿ ಲೈಸೆನ್ಸ್ ಇಲ್ಲದೆ ಚಂದಾ ಎತ್ತುವುದು ಅಪರಾಧ. ಇಲ್ಲಿಯ ವಿಡಿಯೊ ಅಲ್ಲಿ ಹಂಚಿ ಹಣ ಕೇಳುವ ನಮ್ಮ ಹುಡುಗರು ಜಾಗ್ರತೆ.

ಎಂಎಸ್‌ಡಬ್ಲ್ಯು ಪುಸ್ತಕದ ಎಲ್ಲವೂ ನಮ್ಮ ಊರಿಗೆ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಸಂಬಂಧಿಕರ ಕೇಸು ತೆಗೆದುಕೊಳ್ಳಬೇಡಿ ಎಂದರೆ ಒಂದು ಮೊಹಲ್ಲಾದಲ್ಲಿ ಯಾರ ಕೇಸು ತೆಗೆದುಕೊಳ್ಳುವುದು? ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು. ಚಹಾ ಕೊಟ್ಟರೆ ಬೇಡ ಎನ್ನುವುದೂ ನಮ್ಮಲ್ಲಿ ಅವಮಾನವೇ. ಚಹಾ ಕುಡಿಯಿರಿ. ಆದರೆ ಭಾವನ ಮಗನ ಅರ್ಜಿ ಬಂದಾಗ 'ಇದು ನಮ್ಮ ಸಂಬಂಧ' ಎಂದು ಹೇಳಿ ಆ ತೀರ್ಮಾನದಿಂದ ಎದ್ದು ಹೊರಗೆ ಕೂತರೆ ಸಾಕು.

ಈ ಗೆರೆ ಸೇವೆ ಮಾಡುವವನಿಗೂ ಬೇಕು. ರಾತ್ರಿ ಎರಡು ಗಂಟೆಗೂ ಫೋನ್ ತೆಗೆದು, ತನ್ನ ಅಂಗಡಿ ಮುಚ್ಚಿ ಓಡಿ, ಕೈಯ ಹಣ ಸಾಲ ಕೊಟ್ಟು, ಕೊನೆಗೆ ಸಾಲ ತೆಗೆದುಕೊಂಡವನೇ ದಾರಿ ಬದಲಿಸಿ ಹೋದಾಗ ಮನಸ್ಸು ಮುರಿದು ಎಲ್ಲ ಬಿಟ್ಟವರನ್ನು ನಾವು ಬಲ್ಲೆವು. ಇನ್ನು ಯಾರಿಗೂ ಸಹಾಯ ಮಾಡುವುದಿಲ್ಲ ಎನ್ನುತ್ತಾರೆ ಅವರು.

ಹುಡುಗನ ಫೋಟೊವನ್ನು ಅಡ್ಮಿನ್ ಹತ್ತಿರ ಹೇಳಿ ಗ್ರೂಪಿನಿಂದ ತೆಗೆಸಿದೆವು. ಎಷ್ಟು ಫೋನಿನಲ್ಲಿ ಉಳಿದಿದೆಯೋ ಗೊತ್ತಿಲ್ಲ. ಅವನ ಉಮ್ಮನಲ್ಲಿ ಮಾಫಿ ಕೇಳಿದೆವು, ಅವರು ಏನೂ ಹೇಳಲಿಲ್ಲ. ಹುಡುಗ ಈಗ ಪಕ್ಕದ ಮೊಹಲ್ಲಾದ ಮದ್ರಸಕ್ಕೆ ಹೋಗುತ್ತಿದ್ದಾನೆ. ಬೆಳಿಗ್ಗೆ ಒಂದೂವರೆ ಕಿಲೋಮೀಟರ್ ಹೆಚ್ಚು ನಡೆಯಬೇಕು.