ಆಪ್ತಸಮಾಲೋಚನೆ ಎಂಬ ಪದವೂ ಪ್ರೌಢರ ಮನೋವ್ಯಥೆಯೂ

ರನ್ನನ ಗದಾಯುದ್ಧದಲ್ಲಿ ಮಗನನ್ನೂ ತಮ್ಮಂದಿರನ್ನೂ ಪ್ರಾಣಮಿತ್ರನಾದ ಕರ್ಣನನ್ನೂ ಕಳೆದುಕೊಂಡ ದುರ್ಯೋಧನನಿಗೆ ಬುದ್ಧಿ ಹೇಳುವವರ ಕೊರತೆಯಿಲ್ಲ. ವೃದ್ಧರಾದ ತಾಯಿತಂದೆಗಳು ರಣಭೂಮಿಗೇ ಬಂದು ಸಂಧಿಮಾಡಿಕೊಳ್ಳೆಂದು ಬೇಡುತ್ತಾರೆ. ಶರಶಯ್ಯೆಯಲ್ಲಿರುವ ಭೀಷ್ಮರೂ ಅದನ್ನೇ ನುಡಿಯುತ್ತಾರೆ. ನುಡಿದುದೆಲ್ಲವೂ ಹಿತವೇ, ನ್ಯಾಯವೇ. ಆದರೆ ಅದು ಅವನ ಒಳಕ್ಕಿಳಿಯುವುದಿಲ್ಲ. ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ ದ್ರೋಣ, ಲಕ್ಷಣಕುಮಾರ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ನಿಂತು ಒಬ್ಬೊಬ್ಬರಿಗಾಗಿ ಮರುಗುವಾಗ ಮಾತ್ರ ಅವನ ಎದೆಯ ಭಾರ ಮಾತಾಗಿ ಹೊರಬೀಳುತ್ತದೆ. ಹಗೆಯ ಮಗನಾದ ಅಭಿಮನ್ಯುವನ್ನೂ ಮೆಚ್ಚಿ ಹೊಗಳುವಷ್ಟು ಆ ಮನಸ್ಸು ತೆರೆದುಕೊಳ್ಳುತ್ತದೆ. ತರಗತಿಗಳಲ್ಲಿ ಈ ಭಾಗವನ್ನು ರಸಾಲಂಕಾರಗಳ ನಿಮಿತ್ತ ಪಾಠಮಾಡುವುದುಂಟು. ಉಪದೇಶಕ್ಕೆ ಮಣಿಯದ ದುಃಖವು ಜೊತೆಯಲ್ಲಿ ನಡೆಯುವವನೊಬ್ಬನಿದ್ದರೆ ಬಾಯಿಬಿಡುತ್ತದೆಂಬ ಲೋಕಾನುಭವವು ಅಲ್ಲಿ ಅಡಗಿರುವುದರ ಕಡೆಗೆ ಗಮನ ಹರಿಯುವುದು ಅಪರೂಪ.

ಈ ಅನುಭವವನ್ನೇ ಒಂದು ವಿದ್ಯೆಯಾಗಿ ಕಲಿತು ನಡೆಸುವ ವೃತ್ತಿಗೆ ಕನ್ನಡದಲ್ಲಿ ‘ಆಪ್ತಸಮಾಲೋಚನೆ’ ಎಂಬ ಹೆಸರು ಬಳಕೆಗೆ ಬಂದಿದೆ. ‘ಆಪ್ತಸಲಹೆ’ ಎಂದೂ ಹೇಳುವುದುಂಟು. ಆದರೆ ಮೊದಲನೆಯ ಮಾತೇ ಮೇಲು. ನೈಯಾಯಿಕರ ಮತದಲ್ಲಿ ಆಪ್ತನೆಂದರೆ ಇದ್ದುದನ್ನು ಇದ್ದಂತೆ ಅರಿತು, ಅರಿತಂತೆ ಹೇಳುವವನು. ಆದುದರಿಂದಲೇ ಅವನ ಮಾತು ಪ್ರಮಾಣ. ಲೋಕರೂಢಿಯಲ್ಲಿ ಆಪ್ತನೆಂದರೆ ಹತ್ತಿರದವನು, ನಂಬಿಕೆಯವನು. ಇನ್ನು ‘ಆಲೋಚನೆ’ಯ ಮೂಲದಲ್ಲಿರುವುದು ನೋಡುವುದೆಂಬ ಅರ್ಥ, ‘ಸಮ್’ ಎಂಬ ಉಪಸರ್ಗ ಸೇರಿದಾಗ ಅದು ಎಲ್ಲ ಮಗ್ಗುಲುಗಳಿಂದಲೂ ಚೆನ್ನಾಗಿ ನೋಡುವುದಾಗುತ್ತದೆ. ನಂಬಿಕೆಗೆ ಅರ್ಹನಾದವನೊಬ್ಬನು ನೊಂದವನ ಪಕ್ಕದಲ್ಲಿ ಕುಳಿತು ಅವನ ಬದುಕನ್ನು ಅವನೊಡನೆ ನೋಡುವುದೇ ಇದರ ತಾತ್ಪರ್ಯ. ‘ಸಲಹೆ’ಯಲ್ಲಿ ಕೊಡುವವನೊಬ್ಬ, ಕೈಯೊಡ್ಡುವವನೊಬ್ಬ, ಸಮಾಲೋಚನೆಯಲ್ಲಿ ಇಬ್ಬರಿಗೂ ಕೆಲಸವಿದೆ.

ಇದರ ಅಗತ್ಯವೇನೆಂದು ಕೇಳುವವರಿಗೆ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೇ ಉತ್ತರ. ವಯಸ್ಕರಲ್ಲಿ ಸುಮಾರು ಹತ್ತರಲ್ಲೊಬ್ಬರು ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದರು. ಖಿನ್ನತೆ, ಆತಂಕಗಳಂತಹ ಸಾಮಾನ್ಯ ತೊಂದರೆಯುಳ್ಳವರಲ್ಲಿ ನೂರಕ್ಕೆ 80ಕ್ಕೂ ಮಿಕ್ಕವರಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ಮಕ್ಕಳ ವಿಷಯದಲ್ಲಿ ಶಾಲೆಗಳು ಈಚೆಗೆ ಎಚ್ಚೆತ್ತಿವೆ. ದೊಡ್ಡವರ ಸಂಕಟ ಮಾತ್ರ ಮರ್ಯಾದೆಯ ಮುಸುಕಿನೊಳಗೇ ಉಳಿದಿದೆ.

ಐವತ್ತು ದಾಟಿದ ಉಪಾಧ್ಯಾಯನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಹಿರಿಯ ಮಗನಾದುದರಿಂದ ತಂದೆ ತೀರಿಕೊಂಡಾಗ ಅಳಲಿಲ್ಲ. ಅಳುವ ಪುರುಸೊತ್ತು ಅವನಿಗಿರಲಿಲ್ಲ. ತಮ್ಮಂದಿರ ಓದು, ತಂಗಿಯರ ಮದುವೆ, ಬ್ಯಾಂಕಿನ ಸಾಲ ಎಲ್ಲವೂ ಮುಗಿದ ಮೇಲೆ ಒಂದು ದಿನ ಎದೆ ಬಿಗಿಯುತ್ತದೆ. ಇ.ಸಿ.ಜಿ. ಸರಿಯಾಗಿಯೇ ಇದೆ, ಹೊಟ್ಟೆಯ ಪರೀಕ್ಷೆಯಲ್ಲಿಯೂ ದೋಷವಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾದವನಿಗೆ ಮತ್ತೆ ನಿದ್ರೆಯಿಲ್ಲ. ಪಾಠದ ನಡುವೆ ಸಿಡುಕುತ್ತಾನೆ, ಮನೆಯಲ್ಲಿ ಮೌನಿಯಾಗುತ್ತಾನೆ. ಬಂಧುಗಳು “ನಿನಗೇನಪ್ಪಾ ಕಡಿಮೆಯಾಗಿದೆ?” ಎನ್ನುತ್ತಾರೆ. ಆ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದುದೇ ಇನ್ನೊಂದು ಅಪರಾಧಭಾವವಾಗಿ ಅವನನ್ನು ಕೊರೆಯುತ್ತದೆ.

ಇಂತಹವನಿಗೆ ಒಂದೇ ಪಂಥದ ಔಷಧ ಸಾಲದೆಂಬ ಅರಿವಿನಿಂದ ಹುಟ್ಟಿದುದು ಸಮನ್ವಯ ಸಮಾಲೋಚನೆ. ವಿಯೆನ್ನಾದ ಫ್ರಾಯ್ಡ್ ಬಾಲ್ಯದಲ್ಲಿ ನುಂಗಿಕೊಂಡ ನೋವು ಪ್ರೌಢವಯಸ್ಸಿನಲ್ಲಿ ವೇಷ ಬದಲಿಸಿ ಮರಳುವುದನ್ನು ತೋರಿಸಿದನು. ಅಮೆರಿಕದ ಕಾರ್ಲ್ ರೋಜರ್ಸ್ 1940ರ ದಶಕದಿಂದ ಮುಂದೆ, ತೀರ್ಪು ನೀಡದೆ ಸಹಾನುಭೂತಿಯಿಂದ ಕೇಳುವುದೇ ಚಿಕಿತ್ಸೆಯ ಜೀವಾಳವೆಂದು ಸಾರಿದನು. 1960ರ ದಶಕದಲ್ಲಿ ಆರನ್ ಬೆಕ್ ನೊಂದ ಮನಸ್ಸು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವ ವಕ್ರವಾಕ್ಯಗಳನ್ನು ಹಿಡಿದು ಪರೀಕ್ಷಿಸುವ ವಿಧಾನವನ್ನು ರೂಪಿಸಿದನು. ಪಂಥಗಳವರು ವಾದದಲ್ಲಿ ತೊಡಗಿದ್ದರೂ, 1936ರಷ್ಟು ಹಿಂದೆಯೇ ಸಾಲ್ ರೋಜನ್‌ಜ್ವೈಗ್ ಎಂಬ ವಿದ್ವಾಂಸನು ಭಿನ್ನ ಪದ್ಧತಿಗಳ ಸಫಲತೆಯ ಹಿಂದೆ ಸಮಾನವಾದ ಅಂಶಗಳಿವೆಯೆಂದು ವಾದಿಸಿದ್ದನು. ಸಮನ್ವಯದವನು ಇವೆಲ್ಲವನ್ನೂ ಕಲಸಿ ಕೊಡುವುದಿಲ್ಲ; ಎದುರಿಗೆ ಕುಳಿತವನನ್ನು ನೋಡಿ ಯಾವುದು ಯಾವಾಗ ಬೇಕೆಂಬುದನ್ನು ನಿರ್ಣಯಿಸುತ್ತಾನೆ. ಮೇಲಿನ ಉಪಾಧ್ಯಾಯನಿಗೆ ಮೊದಲ ಕೆಲವು ದಿನ ಬೇಕಾದುದು ಕೇಳುವ ಕಿವಿ ಮಾತ್ರ. ಬಳಿಕ, ಅಳದೆ ಉಳಿದ ಆ ಹಳೆಯ ಸಾವಿನ ಮಾತು ತಾನಾಗಿ ಬರುತ್ತದೆ. ಆಮೇಲೆಯೇ “ನಾನು ದಣಿದರೆ ಎಲ್ಲರೂ ಕೆಡುತ್ತಾರೆ” ಎಂಬ ಅವನ ನಂಬಿಕೆಯನ್ನು ಇಬ್ಬರೂ ಕೂಡಿ ಪರೀಕ್ಷಿಸುವುದು ಸಾಧ್ಯ. ಈ ಕ್ರಮ ತಪ್ಪಿದರೆ ಸರಿಯಾದ ಮಾತೂ ಭೀಷ್ಮರ ಮಾತಿನಂತೆ ವ್ಯರ್ಥವಾಗುತ್ತದೆ.

ಇಷ್ಟು ಕೇಳಿದೊಡನೆ ಇದೆಲ್ಲ ಪೂರ್ವಿಕರಲ್ಲಿಯೇ ಇತ್ತೆಂದು ಹೆಮ್ಮೆಪಡುವುದು ಪಂಡಿತರ ಹಳೆಯ ಚಪಲ. ಚರಕನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯಗಳ ಜೊತೆಗೆ ಅಹಿತವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವ ಸತ್ತ್ವಾವಜಯವೆಂಬ ಮೂರನೆಯ ಚಿಕಿತ್ಸೆಯನ್ನು ಹೇಳಿರುವುದು ನಿಜ. ಹೆಸರಿದ್ದ ಮಾತ್ರಕ್ಕೆ ಅದನ್ನು ಬಲ್ಲವರು ಊರೂರಿನಲ್ಲಿ ಇದ್ದಾರೆಂದಾಗಲಿಲ್ಲ. ಪಂಜಾಬಿನ ಮನೋವೈದ್ಯನೂ ಕವಿಯೂ ಆದ ಜಸ್ವಂತ್ ಸಿಂಗ್ ನೇಕಿಯವರು 1973ರಲ್ಲಿ ಬರೆದ ಪ್ರಬಂಧವೊಂದು ಇದಕ್ಕಿಂತ ವಿಚಾರಾರ್ಹವಾದುದು: ಭಾರತೀಯರ ಮನೋಚಿಕಿತ್ಸೆಗೆ ಗುರುಶಿಷ್ಯ ಸಂಬಂಧವು ಮಾದರಿಯಾಗಬಹುದೆಂಬುದು ಅವರ ಮತ. ಇಲ್ಲಿನ ನೊಂದ ಮನಸ್ಸು ಮಾರ್ಗದರ್ಶನವನ್ನು ಅಪೇಕ್ಷಿಸುತ್ತದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹಾಗೆ ಒಪ್ಪುವವರು ಗುರುವಿನ ಪೀಠವನ್ನಷ್ಟೇ ಸ್ವೀಕರಿಸಿ ಅವನ ತಾಳ್ಮೆಯನ್ನು ಬಿಟ್ಟುಬಿಡುವ ಅಪಾಯವಿದೆ. ಅಧ್ಯಾಪಕರಿಗಂತೂ ಈ ದೋಷ ಕಸುಬಿನಿಂದಲೇ ಅಂಟುವುದು. ಎದುರಿನವನು ವಾಕ್ಯ ಮುಗಿಸುವ ಮೊದಲೇ ತಿದ್ದುವುದು ಅವರ ಅಭ್ಯಾಸ.

ಮೂರು ದಿನದ ಶಿಬಿರ ಮುಗಿಸಿ ಸಮಾಲೋಚಕನೆಂದು ಫಲಕ ತೂಗುಹಾಕುವವರನ್ನು ದೂರವಿಡುವುದು ಲೇಸು. ಅಂತೆಯೇ, ಮಾತಿನಿಂದ ತೀರದ ರೋಗಗಳೂ ಇವೆ. ಇಲ್ಲದ ದನಿಗಳು ಕೇಳಿಬರುವವನನ್ನೂ ಸಾಯುವ ಯೋಚನೆಯಲ್ಲಿರುವವನನ್ನೂ ತಡಮಾಡದೆ ಮನೋವೈದ್ಯರ ಬಳಿಗೆ ಕಳುಹಿಸಬಲ್ಲವನೇ ಬಲ್ಲ ಸಮಾಲೋಚಕ. ಕರ್ನಾಟಕವು ಈ ವಿಷಯದಲ್ಲಿ ಬಡವಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಆ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಕಾಯಿದೆಯು ಮಾನಸಿಕ ಚಿಕಿತ್ಸೆಯನ್ನು ಹಕ್ಕೆಂದು ಮನ್ನಿಸಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇಷ್ಟಿದ್ದೂ, ಪರಿಚಿತ ಊರಿನಲ್ಲಿ, ಆಸ್ಪತ್ರೆಯ ಹೆಸರಿಲ್ಲದ ಬಾಗಿಲೊಂದರ ಕೊರತೆ ಉಳಿದೇ ಇದೆ.

ಆ ಬಾಗಿಲನ್ನು ಶಾಲೆಗಳು ತೆರೆಯಬಹುದು. ಪಾಲಕರೂ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಅನುಮಾನಕ್ಕೆ ಎಡೆಗೊಡದೆ ಬಂದುಹೋಗುವ ಸ್ಥಳ ಶಾಲೆಯಲ್ಲದೆ ಇನ್ನಾವುದಿದೆ? ಒಂದು ಸಣ್ಣ ಕೊಠಡಿ, ಎರಡು ಕುರ್ಚಿ, ಶಾಸ್ತ್ರೋಕ್ತವಾಗಿ ಕಲಿತ ಒಬ್ಬರ ವೇತನ ಇಷ್ಟೇ ವೆಚ್ಚ. ಉದಾರಿಗಳಾದ ದಾನಿಗಳು ಮಹಾದ್ವಾರಕ್ಕೂ ಸಭಾಂಗಣಕ್ಕೂ ಧಾರಾಳವಾಗಿ ಕೊಟ್ಟಿದ್ದಾರೆ. ಅವುಗಳ ಗೋಡೆಯ ಮೇಲಿನ ಶಿಲಾಫಲಕಗಳೇ ಸಾಕ್ಷಿ. ಈ ಕೊಠಡಿಯ ಕಷ್ಟವೆಂದರೆ, ಅವರಿಗೆ ತೋರಿಸಲು ಇಲ್ಲಿ ಏನೂ ಇರುವುದಿಲ್ಲ. ಬಂದವರ ಹೆಸರು ವಾರ್ಷಿಕ ವರದಿಯಲ್ಲಿ ಬರಕೂಡದು. ಆಡಳಿತ ಮಂಡಳಿಗೂ ತಿಳಿಯಕೂಡದು. ಎಷ್ಟು ಮಂದಿ ಬಂದರೆಂಬ ಸಂಖ್ಯೆಯೊಂದೇ ಹೊರಬರಬೇಕು. ಸಮಾಲೋಚಕರು ಅದೇ ಶಾಲೆಯ ಅಧ್ಯಾಪಕರಾಗಿರದಿರುವುದು ಒಳ್ಳೆಯದು, ಏಕೆಂದರೆ ಬಡ್ತಿಯ ಕಡತವೂ ಗುಟ್ಟಿನ ಮಾತೂ ಒಂದೇ ಮೇಜಿನ ಮೇಲೆ ಕೂಡುವಂತಿಲ್ಲ. ಕೆಲಸದ ವೇಳೆ ಸಂಜೆ ಆರರಿಂದ ಎಂಟು. ಮನೆಯ ಹೆಂಗಸರಿಗೆ ಆ ಹೊತ್ತು ಅಡುಗೆಯ ಹೊತ್ತಾದುದರಿಂದ ಅವರಿಗಾಗಿ ವಾರಕ್ಕೆರಡು ದಿನ ಮಧ್ಯಾಹ್ನ. ಕೊಠಡಿಯ ಬಾಗಿಲು ಮುಖ್ಯೋಪಾಧ್ಯಾಯರ ಕಚೇರಿಯ ಎದುರಿಗೆ ಬೇಡ. ಗ್ರಂಥಾಲಯದ ಪಕ್ಕದಲ್ಲಿದ್ದರೆ ಪುಸ್ತಕ ಹಿಡಿದುಕೊಂಡು ಹೋಗಬಹುದು.