ಮೂರು ದೇಶಗಳು, ಒಂದು ತೋಟ

ಹಿಂದೆ ನಮ್ಮ ಗಡಿನಾಡಿನ ಮನೆಗಳಲ್ಲಿ ಮಗ ಪರದೇಶಕ್ಕೆ ಹೊರಟನೆಂದರೆ ಕೊಲ್ಲಿಗೆಂದೇ ಅರ್ಥ. ದುಬೈಗೋ ಕುವೈತಿಗೋ ಹೋಗುವವನು ಬಹುಮಟ್ಟಿಗೆ ಒಂದು ಕೆಲಸವನ್ನು ಗೊತ್ತುಮಾಡಿಕೊಂಡೇ ಹೋಗುತ್ತಿದ್ದನು. ವೀಸಾಕ್ಕೆಂದು ಮಾಡಿದ ಸಾಲ ಮೊದಲ ತಿಂಗಳ ಸಂಬಳದಿಂದಲೇ ಕರಗಲಾರಂಭಿಸುತ್ತಿತ್ತು. ಈಗ ಸ್ನಾತಕೋತ್ತರ ಪದವಿಗೆಂದು ಹೊರಡುತ್ತಿರುವ ಮಕ್ಕಳ ಸಂಗತಿ ಹಾಗಲ್ಲ. ಇವರು ಮೊದಲು ಸಾಲವನ್ನು ಹೊತ್ತು, ಆಮೇಲೆ ಓದಿ, ಅದಾದ ಮೇಲೆ ಕೆಲಸವನ್ನು ಹುಡುಕಬೇಕಾದವರು. ಸಾಲಕ್ಕೂ ಸಂಬಳಕ್ಕೂ ನಡುವೆ ಎರಡು ಮೂರು ವರ್ಷಗಳ ಅಂತರವಿರುತ್ತದೆ. ಅಷ್ಟು ಕಾಲ ಮನೆಯ ದಾಖಲೆಪತ್ರಗಳು ಬ್ಯಾಂಕಿನ ಪೆಟ್ಟಿಗೆಯಲ್ಲಿರುತ್ತವೆ.

ಕುಂಬಳೆಯ ಕಡೆಯ ಓದುಗರೊಬ್ಬರ ಪತ್ರ ಈ ಕುರಿತೇ ಬಂದಿದೆ. ಅವರ ಮಗಳು ಮಂಗಳೂರಿನಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿದ್ದಾಳೆ. ಇಂಗ್ಲೆಂಡು, ಜರ್ಮನಿ, ಅಮೆರಿಕ ಈ ಮೂರೂ ಕಡೆಗಳಿಂದ ಪ್ರವೇಶಪತ್ರಗಳು ಬಂದಿವೆ. ಅಡಿಕೆತೋಟವನ್ನು ಅಡವಿಡಲು ತಂದೆ ಸಿದ್ಧರಿದ್ದಾರೆ. ಯಾವ ವಿಶ್ವವಿದ್ಯಾಲಯ ದೊಡ್ಡದೆಂದು ತಿಳಿಸಿದರೆ ಅಲ್ಲಿಗೇ ಕಳಿಸುವೆನೆಂದು ಬರೆದಿದ್ದಾರೆ. ಕಾಗದದ ಕೊನೆಯಲ್ಲಿ ಬೇರೆ ಕೈಬರಹದ ಒಂದು ಸಾಲಿದೆ: "ಕೆಲಸ ಸಿಗದೆ ಹುಡುಗಿ ಹಿಂದೆ ಬಂದರೆ ಗತಿಯೇನೆಂದು ಇವರು ಕೇಳಲಿಲ್ಲ, ನಾನು ಕೇಳುತ್ತಿದ್ದೇನೆ." ಬರೆದವರು ತಾಯಿಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಮೂರು ದೇಶಗಳಲ್ಲಿ ಒಂದನ್ನು ಆರಿಸಲು ಆ ಅಮ್ಮನ ಪ್ರಶ್ನೆಯಿಂದಲೇ ತೊಡಗಬೇಕೆಂದು ನನ್ನ ಅಭಿಪ್ರಾಯ.

ದೊಡ್ಡದು ಯಾವುದೆಂಬ ಮಾತನ್ನು ಬೇಗನೆ ಮುಗಿಸಿಬಿಡುತ್ತೇನೆ. ವರ್ಷವರ್ಷವೂ ಹೊರಬರುವ ಜಾಗತಿಕ ಶ್ರೇಯಾಂಕಪಟ್ಟಿಗಳು ಬಹುಪಾಲು ಸಂಶೋಧನೆಯನ್ನೂ ವಿದ್ವಾಂಸರ ನಡುವಣ ಹೆಸರನ್ನೂ ಅಳೆಯುತ್ತವೆ. ಒಂದೆರಡು ವರ್ಷ ತರಗತಿಯಲ್ಲಿ ಕುಳಿತು ಪದವಿ ಪಡೆಯುವವಳಿಗೆ ಆ ಅಳತೆಯಿಂದಾಗುವ ಪ್ರಯೋಜನ ಸ್ವಲ್ಪವೇ. ಆ ವಿಭಾಗದಲ್ಲಿ ಏನನ್ನು ಕಲಿಸುತ್ತಾರೆ, ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ ಎಂಬುದನ್ನು ಮಗಳೇ ವಿಚಾರಿಸಿ ತಿಳಿಯಲಿ.

ಇನ್ನು ಲೆಕ್ಕ. ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದೇ ವರ್ಷದ್ದು. ಒಂದು ವರ್ಷದ ಊಟ, ಬಾಡಿಗೆ ಉಳಿಯಿತಲ್ಲಾ ಎಂದು ಮನಸ್ಸು ಹಿಗ್ಗುವುದು ಸಹಜ. ಆದರೆ ಹೊರದೇಶದವರ ಬೋಧನಾಶುಲ್ಕ ಅನೇಕ ಕಡೆ 15,000 ಪೌಂಡಿನಿಂದ 30,000 ಪೌಂಡಿನವರೆಗೆ, ಕೆಲವೆಡೆ ಅದಕ್ಕೂ ಮೇಲೆ. ಇದರೊಡನೆ ವೀಸಾದ ಜೊತೆಯಲ್ಲೇ ಕಟ್ಟಬೇಕಾದ ಆರೋಗ್ಯಶುಲ್ಕವೊಂದಿದೆ. ವಿದ್ಯಾರ್ಥಿಗಳಿಗೆ 2024ರ ಫೆಬ್ರವರಿಯಿಂದ ಅದು ವರ್ಷಕ್ಕೆ 776 ಪೌಂಡು. ಎಲ್ಲ ಸೇರಿ 30 ಲಕ್ಷ ರೂಪಾಯಿ ಸಾಲವಾಯಿತೆನ್ನೋಣ. ಬಡ್ಡಿ ನೂರಕ್ಕೆ 10. ಓದಿನ ಒಂದು ವರ್ಷ, ಆಮೇಲಿನ ಒಂದು ವರ್ಷ ಬ್ಯಾಂಕು ಕಂತು ಕೇಳುವುದಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಹಣವನ್ನೆಲ್ಲ ಮೊದಲೇ ತೆಗೆದಿದ್ದರೆ ಎರಡು ವರ್ಷಕ್ಕೆ ಸರಳಬಡ್ಡಿಯೇ 6 ಲಕ್ಷವಾಯಿತು. ಅಲ್ಲಿಗೆ 36 ಲಕ್ಷ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 47,500 ರೂಪಾಯಿ ಕಂತು ಬೀಳುತ್ತದೆ.

ಲಂಡನ್ನಿನ ಸಂಬಳದಲ್ಲಿ ಇದು ದೊಡ್ಡ ಮೊತ್ತವೇನಲ್ಲ. ಆದರೆ ಮಗಳು ಮರಳಿ ಬಂದು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ 50,000 ರೂಪಾಯಿ ಸಂಬಳಕ್ಕೆ ಸೇರಿದಳೆಂದುಕೊಳ್ಳಿ. ಕಂತು ಕಳೆದು ಉಳಿಯುವುದು ಎರಡೂವರೆ ಸಾವಿರ. ಆಗ ಕಂತನ್ನು ಕಟ್ಟುವುದು ತೋಟ. ಕೊಳೆರೋಗ ಬಂದ ವರ್ಷ, ಅಡಿಕೆಗೆ ಧಾರಣೆಯಿಲ್ಲದ ವರ್ಷ ತೋಟದ ಕೈಯಲ್ಲಿ ಏನಿರುತ್ತದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಜರ್ಮನಿಯ ಲೆಕ್ಕ ಬೇರೆ ರೀತಿಯದು. ಅಲ್ಲಿನ ಸರಕಾರೀ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಸ್ನಾತಕೋತ್ತರ ತರಗತಿಗಳಿಗೆ ಬೋಧನಾಶುಲ್ಕವಿಲ್ಲ; ಷಾಣ್ಮಾಸಿಕಕ್ಕೊಮ್ಮೆ ಸಣ್ಣದೊಂದು ವಂತಿಗೆ ಇರುತ್ತದೆ. ಎಲ್ಲ ಕಡೆಯೂ ಹೀಗೆಯೇ ಎಂದು ಭಾವಿಸಬಾರದು. ಬಾಡನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯೂರೋಪಿನ ಒಕ್ಕೂಟದ ಹೊರಗಿನವರಿಂದ ಷಾಣ್ಮಾಸಿಕಕ್ಕೆ 1,500 ಯೂರೋ ವಸೂಲು ಮಾಡುತ್ತಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಷಾಣ್ಮಾಸಿಕದಿಂದ ಹೊರದೇಶದವರಿಗೆ ಶುಲ್ಕ ವಿಧಿಸಿದೆ. ಇವಲ್ಲದೆ, ಒಂದು ವರ್ಷದ ಜೀವನವೆಚ್ಚವನ್ನು ಹೊರಡುವ ಮೊದಲೇ ಅಲ್ಲಿನ ಖಾತೆಯೊಂದರಲ್ಲಿ ಕಟ್ಟಿಡಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗಳಿಗೆ ಏರಿಸಿದರು. ಈ ಹಣ ಎಲ್ಲಿಗೂ ಹೋಗುವುದಿಲ್ಲ. ತಿಂಗಳಿಗೆ 992 ಯೂರೋದಂತೆ ವಿದ್ಯಾರ್ಥಿನಿಯ ಖರ್ಚಿಗೇ ಮರಳಿ ಸಿಗುತ್ತದೆ. ವರ್ಷಕ್ಕೆ 140 ಪೂರ್ಣ ದಿನಗಳಷ್ಟು ಕೆಲಸ ಮಾಡಲು 2024ರಿಂದ ಅನುಮತಿಯಿರುವುದರಿಂದ ಎರಡನೆಯ ವರ್ಷದ ಖರ್ಚಿನ ಒಂದು ಪಾಲನ್ನು ಅವಳೇ ದುಡಿದುಕೊಳ್ಳಬಹುದು. 15 ಲಕ್ಷ ಸಾಲದಲ್ಲಿ ನಿಭಾಯಿಸಿದಳೆಂದರೆ, ಅದೇ ಬಡ್ಡಿಯಲ್ಲಿ ಮೂರು ವರ್ಷ ಕಂತಿಲ್ಲದೆ ಕಳೆದರೂ ಸಾಲ 19.5 ಲಕ್ಷ, ತಿಂಗಳ ಕಂತು ಸುಮಾರು 25,800. ಊರಿಗೆ ಮರಳಿದರೂ ಇದು ಹೇಗೋ ಹೊರಬಹುದಾದ ಭಾರ.

ಹೀಗಿರುವಾಗ ನಮ್ಮ ಪೇಟೆಯ ಮಧ್ಯವರ್ತಿಗಳು ಜರ್ಮನಿಯ ಸರಕಾರೀ ವಿಶ್ವವಿದ್ಯಾಲಯಗಳ ಮಾತನ್ನು ಏಕೆ ಹೆಚ್ಚಾಗಿ ಎತ್ತುವುದಿಲ್ಲ? ಶುಲ್ಕವೇ ಇಲ್ಲದ ಕಡೆ ದಲಾಲಿ ಹುಟ್ಟುವುದೆಲ್ಲಿಂದ? ಇಂಗ್ಲೆಂಡು, ಆಸ್ಟ್ರೇಲಿಯಗಳ ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯನ್ನು ಕಳಿಸಿಕೊಟ್ಟವರಿಗೆ ಶುಲ್ಕದಲ್ಲಿ ಪಾಲು ಕೊಡುತ್ತವೆ. ಉಚಿತ ಸಲಹೆಯೆಂಬ ಫಲಕವನ್ನು ಓದುವಾಗ ಇದು ನೆನಪಿರಲಿ.

ಅಗ್ಗವೆಂದು ಜರ್ಮನಿಗೆ ಹೊರಟವರಿಗೆ ಒಂದು ಮಾತು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಕೆಲಸ ಕೊಡುವವರಲ್ಲಿ ಅನೇಕರು ಜರ್ಮನ್ ಬಲ್ಲವರನ್ನೇ ಬಯಸುತ್ತಾರೆ. ಓದು ಮುಗಿದ ಬಳಿಕ ಕೆಲಸ ಹುಡುಕಲು ದೊರೆಯುವ 18 ತಿಂಗಳು ಭಾಷೆಯಿಲ್ಲದವರಿಗೆ ಬೇಗನೆ ಕಳೆದುಹೋಗುತ್ತವೆ. ಆದರೆ ಸಪ್ತಭಾಷೆಗಳ ಸಂಗಮವೆನಿಸಿದ ಕಾಸರಗೋಡಿನ ಮಕ್ಕಳು ಇದಕ್ಕೆ ಹೆದರಬೇಕೆ? ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷು ಆಡಿ ಬೆಳೆದವರು ಇವರು. ಆ ದಾರಿಯಲ್ಲಿ ಎದುರಿನಿಂದ ಬಂದವರೊಬ್ಬರಿದ್ದಾರೆ. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟ್ಟೆಲರು ಕನ್ನಡವನ್ನು ಅಕ್ಷರದಿಂದ ಕಲಿತು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಹಾನಿಘಂಟನ್ನು ಕೊಟ್ಟರು. ಅದಕ್ಕಾಗಿ 1896ರಲ್ಲಿ ಗೌರವ ಡಾಕ್ಟರೇಟು ನೀಡಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. ಆ ಊರು ಇರುವುದು 1,500 ಯೂರೋ ಕೇಳುವ ಆ ಬಾಡನ್-ವ್ಯುರ್ಟೆಂಬರ್ಗಿನಲ್ಲಿಯೇ ಎಂಬುದು ಬೇರೆ ಮಾತು!

ಅಮೆರಿಕದ ಆಕರ್ಷಣೆ ದೊಡ್ಡದು, ಖರ್ಚೂ ಬಹುಮಟ್ಟಿಗೆ ಮೂರರಲ್ಲಿ ಹೆಚ್ಚಿನದು. ಓದಿನ ಬಳಿಕ 12 ತಿಂಗಳು, ವಿಜ್ಞಾನ ಮತ್ತು ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಕೆಲಸ ಮಾಡಲು ಅವಕಾಶವುಂಟು. ಅಲ್ಲಿಂದ ಮುಂದೆ ಎಚ್-1ಬಿ ವೀಸಾ. ಅದು ವರ್ಷಕ್ಕೆ 85,000 ಮಾತ್ರ, ಚೀಟಿ ಎತ್ತಿ ಹಂಚುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಹೇರುವ ಆದೇಶ ಹೊರಟಾಗ, ಅಲ್ಲಿಯೇ ಓದುತ್ತಿದ್ದವರಿಗೂ ಅದು ಅನ್ವಯಿಸುವುದೋ ಇಲ್ಲವೋ ಎಂಬುದು ಸ್ಪಷ್ಟವಾಗಲು ಸುಮಾರು ಒಂದು ತಿಂಗಳೇ ಹಿಡಿಯಿತು. ಆ ತಿಂಗಳು ಎಷ್ಟು ಮನೆಗಳಲ್ಲಿ ನಿದ್ರೆ ಕೆಟ್ಟಿರಬೇಡ.

ಇಂಗ್ಲೆಂಡಿನಲ್ಲಾದರೂ ಇದೇ ಕತೆ. ಓದಿದ ಮೇಲೆ ಉಳಿದು ಕೆಲಸ ಮಾಡುವ ವೀಸಾವನ್ನು 2012ರಲ್ಲಿ ಮುಚ್ಚಿದರು. 2021ರಲ್ಲಿ ಎರಡು ವರ್ಷಕ್ಕೆಂದು ಮತ್ತೆ ತೆರೆದರು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುವುದೆಂದು ಸಾರಿದ್ದಾರೆ. ಸೇರುವಾಗ ಇದ್ದ ಕಾನೂನು ಮುಗಿಸುವಾಗ ಇರುವುದೆಂಬ ಭರವಸೆಯನ್ನು ಯಾವ ದೇಶವೂ ಕೊಡುವುದಿಲ್ಲ. ಆದುದರಿಂದಲೇ, ಅಲ್ಲಿ ಸಿಗಬಹುದಾದ ಸಂಬಳವನ್ನು ಬದಿಗಿಟ್ಟು ಊರಿನ ಸಂಬಳದಿಂದ ಕಂತನ್ನು ಅಳೆಯಬೇಕೆಂದು ನಾನು ಹಟ ಹಿಡಿಯುವುದು. ತಿಂಗಳ ಕಂತು ಊರಿನ ಸಂಬಳದ ಅರ್ಧವನ್ನು ಮೀರುವುದಾದರೆ ಆ ಪ್ರವೇಶಪತ್ರ ಎಷ್ಟೇ ಹೆಸರಿನದಾಗಲಿ, ಮಡಚಿ ಇಡುವುದು ಲೇಸು.

ಸಾಲದ ವಿಷಯದಲ್ಲಿ ಎರಡು ಮಾತು. 7.5 ಲಕ್ಷದವರೆಗಿನ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಧಾರಣವಾಗಿ ಆಸ್ತಿಯ ಅಡವು ಕೇಳುವುದಿಲ್ಲ. ಅದರ ಮೇಲೆ ಹೋದರೆ ಸಾಮಾನ್ಯವಾಗಿ ಕೇಳುತ್ತವೆ. 2024ರಲ್ಲಿ ಬಂದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯನ್ನು ನೆಚ್ಚಿ ಕೆಲವರು ಕುಳಿತಿರುತ್ತಾರೆ. ಅದು ನಮ್ಮ ದೇಶದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ಅಂಕಗಳು ಚೆನ್ನಾಗಿದ್ದರೆ ಯೂರೋಪಿನ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನಕ್ಕೆ ಒಮ್ಮೆ ಅರ್ಜಿ ಹಾಕಿನೋಡಲಿ. ತಿಂಗಳಿಗೆ 1,400 ಯೂರೋ, ಓದು ಕಡೇಪಕ್ಷ ಎರಡು ದೇಶಗಳಲ್ಲಿ. ಸಿಗುವುದು ಕಠಿಣ, ಸಿಕ್ಕರೆ ತೋಟ ಬ್ಯಾಂಕಿಗೆ ಹೋಗಬೇಕಾದ ಪ್ರಮೇಯವೇ ಬಾರದು.

ಮರಳಿ ಬಂದವಳ ಪದವಿಗೆ ಇಲ್ಲಿ ಬೆಲೆಯುಂಟೆ ಎಂಬುದೂ ಅಮ್ಮನ ಪ್ರಶ್ನೆಯೊಳಗೇ ಅಡಗಿದೆ. ಇಂಗ್ಲೆಂಡಿನ ಒಂದು ವರ್ಷದ ಪದವಿಯನ್ನು ನಮ್ಮ ಎರಡು ವರ್ಷದ್ದಕ್ಕೆ ಸಮವೆಂದು ಎಣಿಸುವ ಬಗ್ಗೆ ಬಹುಕಾಲ ತಕರಾರಿತ್ತು. 2022ರ ಜುಲೈಯಲ್ಲಿ ಎರಡು ದೇಶಗಳು ಒಪ್ಪಂದ ಮಾಡಿಕೊಂಡವು. ಆದರೆ ಇಂಜಿನಿಯರಿಂಗ್, ವೈದ್ಯ, ದಾದಿಯರ ಶಿಕ್ಷಣ, ಔಷಧಶಾಸ್ತ್ರ, ಕಾನೂನು, ವಾಸ್ತುಶಿಲ್ಪ ಮುಂತಾದ ವೃತ್ತಿಪದವಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಖಾಸಗಿ ಕಂಪೆನಿಗೆ ಸೇರುವವಳಿಗೆ ಇದು ಅಷ್ಟು ತೊಡಕಾಗದು. ಕಾಲೇಜಿನ ಅಧ್ಯಾಪಕಿಯಾಗಬೇಕು, ಸರಕಾರೀ ಕೆಲಸಕ್ಕೆ ಸೇರಬೇಕು ಎನ್ನುವವಳು ತನ್ನ ಪದವಿಯ ಹೆಸರನ್ನು ಮುಂದಿಟ್ಟುಕೊಂಡು ಮೊದಲೇ ವಿಚಾರಿಸಿರಬೇಕು. ಮೂರು ವರ್ಷದ ಬಿ.ಎಸ್ಸಿ., ಬಿ.ಕಾಂ. ಮಾಡಿದವರಿಗೆ ಇನ್ನೊಂದು ಅಡ್ಡಿಯಿದೆ. ಇಂಗ್ಲೆಂಡಿನಲ್ಲಿ ಅದು ಸಾಮಾನ್ಯವಾಗಿ ನಡೆಯುತ್ತದೆ; ಅಮೆರಿಕ, ಜರ್ಮನಿಗಳ ಅನೇಕ ವಿಶ್ವವಿದ್ಯಾಲಯಗಳು ನಾಲ್ಕನೆಯ ವರ್ಷವೆಲ್ಲಿ ಎಂದು ಕೇಳುತ್ತವೆ.

ಕಡೆಗೆ, ಗಡಿಯವರಾದ ನಮಗೇ ವಿಶೇಷವಾದ ಒಂದು ತೊಡಕು. ನಮ್ಮ ಮಕ್ಕಳ ಹತ್ತನೆಯ ತರಗತಿಯ ಪತ್ರ ಕೇರಳದ್ದು, ಪದವಿಯದು ಮಂಗಳೂರಿನದು. ಒಂದರಲ್ಲಿ ಹೆಸರಿನ ಹಿಂದೆ ತಂದೆಯ ಹೆಸರಿನ ಮೊದಲಕ್ಷರ, ಇನ್ನೊಂದರಲ್ಲಿ ಮನೆತನದ ಹೆಸರು, ಪಾಸ್‌ಪೋರ್ಟಿನಲ್ಲಿ ಎರಡೂ ಬಿಡಿಸಿ ಬರೆದದ್ದು. ಮಲಯಾಳದಿಂದ ಇಂಗ್ಲಿಷಿಗೆ ಬಂದ ಕಾಗುಣಿತ ಬೇರೆ, ಕನ್ನಡದಿಂದ ಬಂದದ್ದು ಬೇರೆ. ಊರಿನಲ್ಲಿ ಎಲ್ಲರೂ ಅವಳನ್ನು ಬಲ್ಲರು. ದೂರದ ಕಚೇರಿಯ ಗುಮಾಸ್ತನಿಗೆ ಅವು ಮೂರು ಜನರ ಹೆಸರುಗಳು. ಜರ್ಮನಿಗೆ ಹೋಗುವವರ ಪ್ರಮಾಣಪತ್ರಗಳನ್ನು 2022ರ ನವೆಂಬರಿನಿಂದ ಎ.ಪಿ.ಎಸ್. ಎಂಬ ವಿಭಾಗ ಪರಿಶೀಲಿಸಿ ದೃಢಪಡಿಸಬೇಕು. ಅದಿಲ್ಲದೆ ವಿದ್ಯಾರ್ಥಿವೀಸಾಕ್ಕೆ ದಾರಿಯಿಲ್ಲ. ಎರಡು ರಾಜ್ಯಗಳ ಕಚೇರಿಗಳಲ್ಲಿ ಹೆಸರಿನ ತಿದ್ದುಪಡಿಗೆ ಹಿಡಿಯುವ ಕಾಲವನ್ನು ನಮ್ಮವರು ಅನುಭವದಿಂದ ಬಲ್ಲರು. ಅಕ್ಟೋಬರದ ತರಗತಿಗೆ ಜುಲೈ 15 ಕೊನೆಯ ದಿನವೆಂದು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಹೇಳುತ್ತವೆ, ಹೊರದೇಶದವರಿಗೆ ಕೆಲವು ಅದಕ್ಕಿಂತಲೂ ಮುಂಚಿತವಾಗಿ. ಪದವಿಯ ಕೊನೆಯ ವರ್ಷದಲ್ಲಿ ಮಕ್ಕಳಿರುವ ಮನೆಯವರು ಈ ಸಂಚಿಕೆ ಕೈಸೇರಿದ ವಾರದಲ್ಲಿಯೇ ಎಲ್ಲ ಪ್ರಮಾಣಪತ್ರಗಳನ್ನೂ ಪಾಸ್‌ಪೋರ್ಟನ್ನೂ ಒಂದೆಡೆ ಹರವಿ, ಹೆಸರನ್ನೂ ಜನ್ಮದಿನಾಂಕವನ್ನೂ ಅಕ್ಷರ ಅಕ್ಷರವಾಗಿ ತಾಳೆ ನೋಡಲಿ.