ಇಟ್ಟಿಗೆಗಳ ಲೆಕ್ಕ ಕೇಳಿದವರು, ಆನಾ ಎಲ್ಲಿ ಎಂದು ಕೇಳಿದವರು

ಕುಲುಮೆಗೆ ಬಳಸುವ 120 ಇಟ್ಟಿಗೆ. ನೆಲದ ಮೇಲೆ ಆಯತಾಕಾರದಲ್ಲಿ, ಎರಡು ಪದರವಾಗಿ ಜೋಡಿಸಿದ್ದು. ಗಾರೆಯಿಲ್ಲ, ಕೆತ್ತನೆಯಿಲ್ಲ. ಅಮೆರಿಕದ ಶಿಲ್ಪಿ ಕಾರ್ಲ್ ಆಂದ್ರೆ 1966ರಲ್ಲಿ ಮಾಡಿದ ‘ಈಕ್ವಿವೆಲೆಂಟ್ 8’ ಅಂದ್ರೆ ಇಷ್ಟೇ. ಲಂಡನ್ನಿನ ಟೇಟ್ ಗ್ಯಾಲರಿ 1972ರಲ್ಲಿ ಇದನ್ನು ಕೊಂಡಿತು. 1976ರಲ್ಲಿ ವಿಷಯ ಪತ್ರಿಕೆಗಳಿಗೆ ಸಿಕ್ಕಿ ರಂಪವೋ ರಂಪ. ಜನರ ದುಡ್ಡಲ್ಲಿ ಇಟ್ಟಿಗೆ ಕೊಳ್ಳೋದಾ? ಒಬ್ಬರಂತೂ ಹೋಗಿ ಅದರ ಮೇಲೆ ನೀಲಿ ಬಣ್ಣ ಸುರಿದರು.

ನನಗೆ ಆ ಇಟ್ಟಿಗೆಗಳು ಇಷ್ಟ, ಮುಚ್ಚುಮರೆ ಏನಿಲ್ಲ. ಕಾರ್ಖಾನೆಯಿಂದ ಬಂದ ಹಾಗೇ ಇಟ್ಟಿದ್ದು. ಯಾವ ಇಟ್ಟಿಗೆಯೂ ಇನ್ನೊಂದಕ್ಕಿಂತ ದೊಡ್ಡದಲ್ಲ. ಮೊದಲ ಸಲ ಮಾರಾಟವಾಗದೆ ಆಂದ್ರೆ ಇಟ್ಟಿಗೆಗಳನ್ನು ವಾಪಸ್ ಕೊಟ್ಟಿದ್ದರು. ಮತ್ತೆ ಬೇಕಾದಾಗ ಆ ಕಾರ್ಖಾನೆಯೇ ಮುಚ್ಚಿತ್ತು, ಬೇರೆ ಇಟ್ಟಿಗೆ ತಂದರು. ಕೃತಿಗೇನೂ ಧಕ್ಕೆಯಾಗಲಿಲ್ಲ. ಗೂಡ್ಸ್ ರೈಲಿನಲ್ಲಿ ಕೆಲಸ ಮಾಡಿದ್ದ ಈ ಮನುಷ್ಯ 1969ರಲ್ಲಿ ನ್ಯೂಯಾರ್ಕಿನ ಕಲಾ ಕಾರ್ಮಿಕರ ಒಕ್ಕೂಟದಲ್ಲೂ ಇದ್ದರು. ಎಡಪಂಥೀಯ ಮನಸ್ಸಿಗೆ ಇನ್ನೇನು ಬೇಕು?

ಆದರೆ 1985ರ ಸೆಪ್ಟೆಂಬರ್ ಇದೆ. ಆಂದ್ರೆಯ ಪತ್ನಿ, ಕ್ಯೂಬಾ ಮೂಲದ ಕಲಾವಿದೆ ಆನಾ ಮೆಂಡಿಯೆಟಾ, ನ್ಯೂಯಾರ್ಕಿನ ಅವರ 34ನೇ ಮಹಡಿಯ ಮನೆಯಿಂದ ಬಿದ್ದು ಸತ್ತರು. ವಯಸ್ಸು 36, ಮದುವೆಯಾಗಿ ಎಂಟೇ ತಿಂಗಳು. ಕೊಲೆ ಆರೋಪ ಹೊತ್ತ ಆಂದ್ರೆ 1988ರಲ್ಲಿ ಖುಲಾಸೆಯಾದರು. ಆ ತೀರ್ಪನ್ನು ನಾನಿಲ್ಲಿ ಮತ್ತೆ ಬರೆಯಲು ಹೊರಟಿಲ್ಲ. ನನ್ನ ತಕರಾರು ಮ್ಯೂಸಿಯಂಗಳ ಜೊತೆ.

ಮಿನಿಮಲಿಸಂ ಹೇಳೋದು: ಎದುರಿಗಿರುವ ವಸ್ತುವನ್ನಷ್ಟೇ ನೋಡಿ, ಹಿಂದೆ ಕತೆ ಹುಡುಕಬೇಡಿ ಅಂತ. ಗ್ಯಾಲರಿಗಳಿಗೆ ಇದಕ್ಕಿಂತ ಅನುಕೂಲದ ಸಿದ್ಧಾಂತ ಸಿಗಲಾರದು. ಮೆಂಡಿಯೆಟಾ ಮಾಡಿದ್ದು ನೇರ ಉಲ್ಟಾ. ಮಣ್ಣು, ಹುಲ್ಲು, ಬೆಂಕಿಯಲ್ಲಿ ತನ್ನದೇ ದೇಹದ ಅಚ್ಚು ಮೂಡಿಸಿದರು. ಮಳೆ ಗಾಳಿಗೆ ಅಳಿಸಿಹೋಗುವ ಅಚ್ಚುಗಳವು. ಇವತ್ತು ಉಳಿದಿರೋದು ಬಹುಪಾಲು ಫೋಟೋ, ಫಿಲ್ಮು. ಇಟ್ಟಿಗೆ ಹಾಗಲ್ಲ, ಹೋದರೆ ಇನ್ನೊಂದು ತಂದಿಡಬಹುದು.

2016ರ ಜೂನ್‌ನಲ್ಲಿ ಟೇಟ್ ಮಾಡರ್ನ್ ತನ್ನ ಹೊಸ ಕಟ್ಟಡ ತೆರೆದಾಗ ಒಳಗೆ ಆಂದ್ರೆಯ ಇಟ್ಟಿಗೆಗಳಿದ್ದವು. ಮೆಂಡಿಯೆಟಾ ಕೃತಿಗಳು ಟೇಟ್ ಸಂಗ್ರಹದಲ್ಲಿದ್ದರೂ ಪ್ರದರ್ಶನದಲ್ಲಿರಲಿಲ್ಲ. ಆನಾ ಎಲ್ಲಿ ಎಂದು ಕೇಳುತ್ತಾ ಮಹಿಳೆಯರು ಪ್ರತಿಭಟಿಸಿದರು. ಇದೂ ಜನರ ದುಡ್ಡಿನ ಪ್ರಶ್ನೆಯೇ ತಾನೇ? 1976ರಲ್ಲಿ ಇಟ್ಟಿಗೆಯ ರೇಟು ಕೇಳಿದಷ್ಟು ಜೋರಾಗಿ ಇದನ್ನು ಯಾರೂ ಕೇಳಲಿಲ್ಲ. 2024ರ ಜನವರಿಯಲ್ಲಿ, 88ನೇ ವಯಸ್ಸಿನಲ್ಲಿ ಆಂದ್ರೆ ತೀರಿಕೊಂಡರು.